ಪುನರ್ವಸು ಮಳೆಗೆ ಸಿಕ್ಕ ರೇಸ್ ಸೈಕಲ್ಲು

ಎಸ್‌ಜೆಪಿ ರಸ್ತೆಯ ಆ ಅಂಗಡಿಯ ಷಟರ್ ಆಗಲೇ ಅರ್ಧ ಇಳಿದಿತ್ತು. ರಾತ್ರಿ ಎಂಟೂಕಾಲು. ಮಂಡಿಯೂರಿ, ಸಂದಿಯೊಳಗೆ ಮುಖ ತೂರಿಸಿ ಕೂಗಿದೆ: "ಎಂ-5 ಬೋಲ್ಟು, ಹದಿನಾರು ಎಂಎಂ ಉದ್ದದ್ದು, ಸ್ಟೇನ್‌ಲೆಸ್ಸು, ಅಲೆನ್ ಕೀ ತಲೇದು, ಒಂದು ಡಜನ್ ಕೊಡಿ! ವಾಷರ್ರು, ನೈಲಾಕ್ ನಟ್ಟು ಕೂಡ!"

"ಬೆಳಿಗ್ಗೆ ಬನ್ನಿ ಸಾರ್, ಗಲ್ಲಾ ಮುಚ್ಚಾಯ್ತು."

"ಬೆಳಿಗ್ಗೆ ಹೊತ್ತಿಗೆ ನಾನು ಕುಣಿಗಲ್ ದಾಟಿರಬೇಕು. ಸೈಕಲ್ಲಲ್ಲಿ."

ಒಳಗೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಡಬ್ಬಿ ಜಾಲಾಡುವ ಸದ್ದು. ಷಟರಿನ ಕೆಳಗಿಂದ ಪೊಟ್ಟಣವೊಂದು ಜಾರಿ ಬಂತು, ಹಿಂದೆಯೇ ಒಂದು ಪ್ರಶ್ನೆ: "ಮಳೆ ನೋಡಿದ್ರಾ?"

ನೋಡಿದ್ದೆ. ಜುಲೈ ಎರಡನೇ ವಾರ, ಪುನರ್ವಸು ಮಳೆ ಹಿಡಿದಾಗಿತ್ತು. ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್ ಎಂದು ಮಧ್ಯಾಹ್ನವೇ ಸುದ್ದಿ ಬಂದಿತ್ತು. ನಮ್ಮ ದಾರಿಯೋ ನೇರ ಅದರ ಹೊಟ್ಟೆಯೊಳಗೆ. ಶಂಕರಪುರಂನ ಶಂಕರ ಮಠದ ಮುಂದಿನಿಂದ ಹೊರಟು ಶೃಂಗೇರಿಯ ಶಾರದೆಯ ಬಾಗಿಲಿಗೆ, ಮಠದಿಂದ ಮಠಕ್ಕೆ, ಸುಮಾರು 330 ಕಿಲೋಮೀಟರ್, ಒಂದೇ ಓಟದಲ್ಲಿ. ದೂರದ ಸವಾರಿಯ ರ‍್ಯಾಂಡನರಿಂಗ್ ನಿಯಮದಲ್ಲಿ 300 ಕಿ.ಮೀ.ಗೆ 20 ಗಂಟೆ ಕೊಡುತ್ತಾರೆ. ನಮ್ಮದು ಯಾರೂ ನಡೆಸುವ ಸವಾರಿಯಲ್ಲ, ಚೀಟಿಗೆ ಮೊಹರು ಒತ್ತುವವರಿಲ್ಲ, ಆದರೂ ಗಡಿಯಾರ ಅದೇ ಎಂದು ಗೆಳೆಯನೂ ನಾನೂ ಒಪ್ಪಿಕೊಂಡಿದ್ದೆವು. ಮುಂದೂಡೋಣವೇ ಎಂದು ಕೇಳಿದ್ದಕ್ಕೆ ಅವನು ಫೋನಿನಲ್ಲಿ ನಕ್ಕಿದ್ದ: "ಮಳೆಗಾಲದಲ್ಲಿ ಮಲೆನಾಡಿಗೆ ಹೋಗದೆ ಬೇಸಿಗೇಲಿ ಹೋಗ್ತಾರಾ?"

ಅವನ ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲ, ಹಾಕಿಸುವುದೂ ಇಲ್ಲ. ಬಾಟಲಿ ಸ್ಟ್ಯಾಂಡಿನ ಗ್ರಾಂ ಲೆಕ್ಕ ಹಾಕುವ ಜಾತಿ ಅವನದು. ನನ್ನದಕ್ಕೂ ಇರಲಿಲ್ಲ. ರೋಡ್ ಬೈಕು ಎಂದರೆ ಹಾಗೆಯೇ ಹುಟ್ಟುತ್ತದೆ. ಹಾಲಿನ ಕ್ಯಾನು ಹೊತ್ತು ನಮ್ಮ ಅಡ್ಡರಸ್ತೆಗಳಲ್ಲಿ ಓಡಾಡುತ್ತಿದ್ದ ಕರಿ ಸೈಕಲ್ಲಿಗೆ ಅಂಗಡಿಯಲ್ಲೇ ಮಡ್‌ಗಾರ್ಡು, ಚೈನ್ ಕವರು, ಕ್ಯಾರಿಯರ್ರು, ಸ್ಟ್ಯಾಂಡು, ಬೆಲ್ಲು ಎಲ್ಲ ಸೇರಿ ಬರುತ್ತಿತ್ತು. ಅದರ ಎಷ್ಟೋ ಪಟ್ಟು ಬೆಲೆ ತೆತ್ತು ತಂದ ಈ ಒಂಬತ್ತು ಕೆ.ಜಿ. ಚಿಗರೆಗೆ ಅವನ್ನು ಸಿಕ್ಕಿಸಲು ಒಂದು ತೂತು ಕೂಡ ಇರುವುದಿಲ್ಲ. ಒಣ ರಸ್ತೆ, ಖಾಲಿ ಬೆನ್ನು, ಹಿಂದೆ ಬರುವ ಟೀಮ್ ಕಾರು, ಇದನ್ನು ನಂಬಿ ಗೀಚಿದ ನಕ್ಷೆ ಅದು. ಟೀಮ್ ಕಾರಿಲ್ಲದವನ ಗತಿ ಯಾರ ನಕ್ಷೆಯಲ್ಲೂ ಇಲ್ಲ.

ಮಕ್ಕಳ ಕೂಟದ ವೃತ್ತ ದಾಟುವಾಗಲೇ ಹನಿ ಶುರು. ಶಂಕರಪುರಂ ಮುಟ್ಟುವಷ್ಟರಲ್ಲಿ ರಂಗರಾವ್ ರಸ್ತೆಯ ಎರಡೂ ಅಂಚಿನಲ್ಲಿ ನೀರು ಓಡುತ್ತಿತ್ತು. ವರಾಂಡದಲ್ಲಿ ಸೈಕಲ್ಲು ಒರಗಿಸಿ, ಸಾಮಾನು ಹರವಿ, ಮೊದಲ ಬೋಲ್ಟಿಗೆ ಕೈ ಹಾಕುತ್ತಿದ್ದಂತೆ ಕರೆಂಟು ಹೋಯಿತು!

ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಹೊರಡಲು ಆರು ಗಂಟೆ ಕೂಡ ಉಳಿದಿಲ್ಲ.

ಮೊದಲ ಗಂಡಾಂತರ ಬ್ರೇಕಿನ ಕೆಳಗೆ. ರೇಸ್ ಸೈಕಲ್ಲಿನ ಕ್ಯಾಲಿಪರ್ ಬ್ರೇಕಿನ ತೋಳು ಗಿಡ್ಡ, 39ರಿಂದ 49 ಎಂಎಂ. ಟೈರಿಗೂ ಬ್ರೇಕಿನ ಹೊಟ್ಟೆಗೂ ನಡುವೆ ಒಂದು ಪೆನ್ಸಿಲ್ ನುಗ್ಗಿದರೆ ಪುಣ್ಯ. ಅಲ್ಲಿ ಮಡ್‌ಗಾರ್ಡು ಹೋಗಬೇಕು, ಟೈರು ಹೊತ್ತು ತರುವ ಮರಳೂ ಹೋಗಬೇಕು. 28ರ ಟೈರು ಬಿಚ್ಚಿ ಎಸೆದೆ, 25ರದ್ದು ಹಾಕಿದೆ. ಮೂರು ಎಂಎಂ ದಕ್ಕಿತು. ಸಾಲದು. ಮಡ್‌ಗಾರ್ಡಿಗೇ ಗರಗಸದ ಬ್ಲೇಡು ಹಚ್ಚಿ, ಕ್ಯಾಲಿಪರ್ ತೋಳು ಬರುವ ಕಡೆ ಎರಡೂ ಬದಿಗೆ ಕಚ್ಚು ತೆಗೆದೆ. ಅರದಲ್ಲಿ ಉಜ್ಜಿ ನಯ ಮಾಡಿ, ಬ್ರೇಕಿನ ಬೋಲ್ಟು ಪೂರ್ತಿ ಹೊರಗೆಳೆದು, ಅದರ ಹಿಂದೆ ಮಡ್‌ಗಾರ್ಡಿನ ತಗಡು ಪೋಣಿಸಿ ಮತ್ತೆ ಬಿಗಿದೆ. ಇಲ್ಲಿ ಉಸಿರು ಬಿಗಿಹಿಡಿದು ಸುತ್ತು ಎಣಿಸಬೇಕು. ತಗಡಿನ ದಪ್ಪದಷ್ಟು ಬೋಲ್ಟು ಗಿಡ್ಡವಾದಂತಾಗುತ್ತದಲ್ಲ, ಒಳಗಿನ ನಟ್ಟನ್ನು ಅದು ಐದಾರು ಸುತ್ತಾದರೂ ಕಚ್ಚದಿದ್ದರೆ ಇಳಿಜಾರಿನಲ್ಲಿ ಕೈಗೆ ಬರುವುದು ಬ್ರೇಕಿನ ಹಿಡಿಯೊಂದೇ. ಕಚ್ಚಿತು. ಚಕ್ರ ತಿರುಗಿಸಿದೆ. ಸರ್ರ್ ಎಂದಿತು. ಬಿಚ್ಚು, ಒಂದು ವಾಷರ್ ಕೊಡು, ಮತ್ತೆ ಬಿಗಿ. ಸದ್ದು ನಿಂತಿತು.

ಹನ್ನೊಂದು ಗಂಟೆ. ಈಗ ಕಂಬಿಗಳು. ಮಡ್‌ಗಾರ್ಡನ್ನು ಅಲುಗದಂತೆ ಹಿಡಿಯುವ ಈ ಸಪೂರ ಉಕ್ಕಿನ ಕಡ್ಡಿಗಳಿಗೆ ಫ್ರೇಮಿನಲ್ಲಿ ಕಿವಿಗಳಿರಬೇಕು. ನನ್ನದಕ್ಕಿಲ್ಲ. ಫ್ರೇಮು ಅಲ್ಯುಮಿನಿಯಂ, ಮುಂದಿನ ಫೋರ್ಕು ಕಾರ್ಬನ್. ಅಲ್ಯುಮಿನಿಯಮ್ಮಿಗಾದರೆ ಜೆಸಿ ರಸ್ತೆಯಲ್ಲಿ ಔಷಧಿ ಇದೆ: ಲಾರಿಯ ಪೈಪು, ವೈರು ಹಿಡಿದಿಡುವ ರಬ್ಬರ್ ಹೊದಿಸಿದ ಪಿ ಕ್ಲಾಂಪು. ಕೊಳವೆಯನ್ನು ತಬ್ಬಿ, ತುದಿಯಲ್ಲಿ ಬೋಲ್ಟಿಗೆ ಜಾಗ ಕೊಡುತ್ತದೆ. ಕಾರ್ಬನ್ನಿಗೆ ಅದನ್ನು ಮುಟ್ಟಿಸಲೂ ಕೂಡದು. ಎಳೆದರೆ ತಡೆಯುವ ಕಾರ್ಬನ್, ಒಂದೇ ಕಡೆ ಹಿಂಡಿದರೆ ಒಳಗೊಳಗೇ ಸೀಳಿ, ಹೊರಗೆ ಏನೂ ತೋರಿಸದೆ, ಸಮಯ ನೋಡಿ ಮುರಿಯುತ್ತದೆ. ಹಾಗಾಗಿ ಮುಂದಿನ ಚಕ್ರದ ಕ್ವಿಕ್ ರಿಲೀಸ್ ಅಚ್ಚಿಗೇ ತೆಳು ಉಕ್ಕಿನ ಕಿವಿ ಪೋಣಿಸಿ ಕಂಬಿ ಅಲ್ಲಿಗೆ ಕಟ್ಟಿದೆ. ಕಂಬಿಯ ತುದಿ ನೇರ ಲೋಹಕ್ಕೆ ಕೂರುವುದಿಲ್ಲ, ನಡುವೆ ಹೆಬ್ಬೆರಳ ಉಗುರಿನಷ್ಟು ಕರಿ ಪ್ಲಾಸ್ಟಿಕ್ ಕ್ಲಿಪ್ಪು. ಜೋರಾಗಿ ಎಳೆದರೆ ಕಳಚಿಕೊಳ್ಳುತ್ತದೆ. ಜರ್ಮನಿಯ ಎಸ್‌ಕೆಎಸ್ ಕಂಪನಿ ಇದಕ್ಕೆ ಸೆಕ್ಯುಕ್ಲಿಪ್ ಎಂದು ಹೆಸರಿಟ್ಟಿದೆ. ಕತ್ತಲಲ್ಲಿ ಅದು ಕೈಜಾರಿ ನೆಲಕ್ಕೆ ಬಿದ್ದು, ವರಾಂಡದ ನೀರಿನಲ್ಲಿ ತೇಲಿ ಹೊರಟಿತ್ತು. ಮೆಟ್ಟಿಲ ಅಂಚಿನಲ್ಲಿ, ಮೋರಿಗೆ ಗೇಣುದ್ದ ಉಳಿದಿರುವಾಗ ಹಿಡಿದೆ.

ಕ್ಯಾರಿಯರ್ ಇನ್ನೂ ಬಾಕಿ! ಸೀಟಿನ ಕಂಬಕ್ಕಷ್ಟೇ ಕಚ್ಚಿ ಹಿಂದಕ್ಕೆ ಚಾಚುವ ಒಂಟಿ ತೋಳಿನದು ಸುಲಭ, ಆದರೆ ಅದರ ತಾಕತ್ತು ಹತ್ತು ಕೆ.ಜಿ. ಆಸುಪಾಸು, ಹಳ್ಳ ಬಂದಾಗಲೆಲ್ಲ ಬಾಲ ಅಲ್ಲಾಡಿಸುತ್ತದೆ. ನಾನು ತಂದದ್ದು ನಾಲ್ಕು ಕಾಲಿನ ಪೂರ್ತಿ ಕ್ಯಾರಿಯರ್. ಮೇಲಿನ ತೋಳುಗಳಿಗೆ ಸೀಟಿನ ಬಿಗಿಯುಂಗುರ ಬದಲಿಸಿ ಎರಡು ತೂತಿನ ಹೊಸದು ಹಾಕಿದೆ. ಕೆಳಗಿನ ಕಾಲುಗಳು ಹಿಂದಿನ ಚಕ್ರದ ಅಚ್ಚಿಗೆ ಕೂತ ಉಕ್ಕಿನ ಪಟ್ಟಿಗೆ, ಒಂದೊಂದು ಬದಿಗೆ ಒಂದೊಂದೇ ಎಂ-5 ಬೋಲ್ಟು. ಎಂಟು ಕೆ.ಜಿ. ಚೀಲ ತೂಗುಹಾಕಿ ಪೆಡಲು ತಿರುಗಿಸಿದರೆ ಹಿಮ್ಮಡಿ ಚೀಲಕ್ಕೆ ತಗುಲುತ್ತದೆ. ರೇಸ್ ಸೈಕಲ್ಲಿನ ಹಿಂಗಾಲು ಗಿಡ್ಡ, ನಡು ಅಚ್ಚಿನಿಂದ ಹಿಂದಿನ ಅಚ್ಚಿಗೆ 410 ಎಂಎಂ. ದೂರ ಪ್ರಯಾಣದ ಸೈಕಲ್ಲಿಗೆ ಇನ್ನೂ ಮೂರು ಸೆಂಟಿಮೀಟರು ಹೆಚ್ಚು. ಚೀಲವನ್ನು ಹಿಂದಕ್ಕೆ ಎಳೆದೆ, ಇನ್ನೂ ಎಳೆದೆ, ಕೊಕ್ಕೆ ಹೋಗುವಷ್ಟೂ ಎಳೆದೆ. ಹಿಮ್ಮಡಿ ಪಾರಾಯಿತು. ಮುಂದೆ ಹ್ಯಾಂಡಲು ತಿರುಗಿಸಿದರೆ ಬೂಟಿನ ತುದಿ ಮಡ್‌ಗಾರ್ಡಿಗೆ ತಾಗುತ್ತದೆ. ಅದಕ್ಕೆ ಮದ್ದಿಲ್ಲ, ಸಣ್ಣ ಸಂದಿಯಲ್ಲಿ ಯೂ ಟರ್ನ್ ಹೊಡೆಯುವಾಗ ಪೆಡಲು ನಿಲ್ಲಿಸಬೇಕು, ಅಷ್ಟೇ.

ಗೇಟಿನಲ್ಲಿ ಬೆಲ್ಲು. ಎರಡು ಗಂಟೆ. ಗೆಳೆಯ ನನ್ನ ಸೈಕಲ್ಲಿಗೆ ಟಾರ್ಚು ಬಿಟ್ಟು ಸುತ್ತು ಹಾಕಿದ. "ಪೋಸ್ಟ್‌ಮ್ಯಾನ್ ಬಂದ ಹಾಗಿದೆ," ಎಂದ.

ಮಠದ ಬಾಗಿಲಿಗೆ ಕೈಮುಗಿದು ಹಾರಿದೆವು. ಚಾಮರಾಜಪೇಟೆ, ಯಶವಂತಪುರ, ಪೀಣ್ಯ, ಊರು ಮುಗಿಯುವುದೇ ಇಲ್ಲ. ನೆಲಮಂಗಲದಲ್ಲಿ ಎಡಕ್ಕೆ ಹೊರಳಿ ಹಾಸನದ ಹೆದ್ದಾರಿ ಹಿಡಿದದ್ದೇ ತಡ, ಲಾರಿಗಳ ದಂಡು! ಒಂದೊಂದೂ ಪಕ್ಕದಲ್ಲಿ ಹಾಯುವಾಗ ಮೊದಲು ಗಾಳಿಯ ಗುದ್ದು, ಆಮೇಲೆ ಹೆಡ್‌ಲೈಟು ನುಂಗುವ ನೀರಿನ ಗೋಡೆ, ಆಮೇಲೆ ಏನೂ ಕಾಣದ ಎರಡು ಸೆಕೆಂಡು. ಅದರಿಂದ ಯಾವ ಮಡ್‌ಗಾರ್ಡೂ ಕಾಯುವುದಿಲ್ಲ. ಕಾಯುವುದು ನಮ್ಮದೇ ಚಕ್ರದ ಹೊಡೆತದಿಂದ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬರಿ ಚಕ್ರ ರಸ್ತೆಯ ನೀರು, ಮರಳು, ಡೀಸೆಲ್ ಮಡ್ಡಿ, ಸತ್ತ ನಾಯಿಯ ಪಾಕ ಎಲ್ಲವನ್ನೂ ಎತ್ತಿ ಹಿಂದಿನಿಂದ ಬೆನ್ನುಹುರಿಯುದ್ದಕ್ಕೂ, ಮುಂದಿನಿಂದ ಬೂಟಿನೊಳಕ್ಕೂ ಬಾಯಿಗೂ ಬಿಡದೆ ಎರಚುತ್ತದೆ. ಮೇಲಿನ ಮಳೆ ನಿಂತರೂ ಕೆಳಗಿನದು ನಿಲ್ಲುವುದಿಲ್ಲ. ಅವನ ಹಿಂದೆ ಹೋಗಲು ನೋಡಿದೆ, ಕಣ್ಣು ಬಿಡಲಾಗಲಿಲ್ಲ. ಮಡ್‌ಗಾರ್ಡಿಲ್ಲದವನು ಸಾಲಿನ ಕೊನೆಗೆ ಎಂಬುದು ಮಳೆ ನಾಡಿನ ಸೈಕಲ್ ಕ್ಲಬ್ಬುಗಳ ಹಳೇ ಕಟ್ಟಳೆ. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ಮಡ್‌ಗಾರ್ಡಿಲ್ಲದೆ ಬಂದವರನ್ನು ಗುಂಪಿಗೇ ಸೇರಿಸದವರಿದ್ದಾರೆ. ಕುಣಿಗಲ್ ಕೆರೆ ಬೆಳಕಿಗೆ ಬರುವಾಗ ಅವನು ನನ್ನ ಹಿಂದೆ, ನನ್ನ ಮಡ್‌ಗಾರ್ಡಿನ ತುದಿಗೆ ಕಟ್ಟಿದ ರಬ್ಬರ್ ಪಟ್ಟಿಯ ಮರೆಯಲ್ಲಿ ಬೆಚ್ಚಗಿದ್ದ. ಅವನ ಮರೆಗೆ ಬರುವವರು ಯಾರೂ ಇರಲಿಲ್ಲ.

ಎಡೆಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ. ಬಯಲು ಸೀಮೆಯ ಮಳೆ ಬಿಟ್ಟು ಬಿಟ್ಟು ಬಂತು. ಚನ್ನರಾಯಪಟ್ಟಣದಲ್ಲಿ ಇಡ್ಲಿ. ಹಾಸನದಲ್ಲಿ ನಡು ಮಧ್ಯಾಹ್ನ, 185 ಕಿ.ಮೀ. ಆಗಿತ್ತು, ಎಲ್ಲ ಬೋಲ್ಟಿಗೂ ಕೀಲಿ ಕೊಟ್ಟು ಬಿಗಿ ನೋಡಿದೆ. ಒಂದೂ ಕದಲಿರಲಿಲ್ಲ. ಇಷ್ಟು ಹೇಳಿದರೆ ಈ ಭಾಗಕ್ಕೆ ಸಾಕು.

ಬೇಲೂರು ದಾಟಿದ ಮೇಲೆ ಆಕಾಶ ಕೆಳಗಿಳಿಯಿತು.

ಬೆಂಗಳೂರಿನಲ್ಲಿ ಮಳೆ ಎನ್ನುವುದನ್ನು ಮಲೆನಾಡಿನವರು ಹನಿ ಎನ್ನುತ್ತಾರೆ. ನಮ್ಮೂರಿಗೆ ವರ್ಷಕ್ಕೆ ಬೀಳುವುದು ಸುಮಾರು ಒಂದು ಮೀಟರು. ಶೃಂಗೇರಿಗೆ ನೆರೆಯಾದ ಆಗುಂಬೆಯಲ್ಲಿ 7,000 ಮಿ.ಮೀ. ಮೀರುತ್ತದೆ, ಅದರಲ್ಲಿ ಸಿಂಹಪಾಲು ಜೂನ್, ಜುಲೈ, ಆಗಸ್ಟಿನದು. ಚಿಕ್ಕಮಗಳೂರು ಪೇಟೆಯಲ್ಲಿ ನಾಲ್ಕು ಗಂಟೆಗೇ ವಾಹನಗಳು ದೀಪ ಹಚ್ಚಿಕೊಂಡಿದ್ದವು. ಟೀ ಅಂಗಡಿಯಾಕೆ ನಮ್ಮನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಎಂಥ ಮಾರಾಯ್ರೆ, ಈ ಮಳೇಲಿ ಸೈಕಲ್ಲಾ? ಆಲ್ದೂರು ಕಡೆ ಆನೆ ಬೇರೆ ಇದಾವೆ," ಎಂದು ದುಡ್ಡು ತೆಗೆದುಕೊಳ್ಳುವಾಗ ಮತ್ತೊಮ್ಮೆ ತಲೆಯಾಡಿಸಿದಳು. ಗೆಳೆಯ ಉತ್ತರ ಕೊಡಲಿಲ್ಲ. ಅವನ ಚೈನು ಬೆಳಗಿನಿಂದ ಮರಳು ಅರೆಯುತ್ತಿತ್ತು, ಈಗ ಚೀರುತ್ತಿತ್ತು. ಅವನ ಬಿಳಿ ಜರ್ಸಿಯ ಬೆನ್ನಿನ ಮೇಲೆ ಸೊಂಟದಿಂದ ಕುತ್ತಿಗೆಯವರೆಗೆ ಅಂಗೈ ಅಗಲದ ಕರಿ ಪಟ್ಟೆ.

ಆಲ್ದೂರು. ಆನೆ ಕಾಣಲಿಲ್ಲ. ಅದಕ್ಕೆ ನಮ್ಮ ವಾಸನೆ ಸಿಕ್ಕಿತ್ತೋ ಏನೋ, ಒಂದು ತಿರುವಿನಲ್ಲಿ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ನಿಲ್ಲಲಿಲ್ಲ. ಅಲ್ಲಿಂದ ರಸ್ತೆ ಭದ್ರೆಯ ಕಡೆಗೆ ಇಳಿಯುತ್ತದೆ. ಎರಡೂ ಬದಿ ಕಾಫಿ ತೋಟ, ಮೇಲೆ ಸಿಲ್ವರ್ ಓಕ್, ಗಾಳಿಗೆ ಮುರಿದ ಕಡ್ಡಿಗಳು ಡಾಂಬರಿನ ತುಂಬ. ನೀರು ಅಡ್ಡ ಹರಿಯುತ್ತಿದೆ. ರಿಮ್ಮಿನ ಬ್ರೇಕು ಹಿಡಿದರೆ ಮೊದಲು ಏನೂ ಆಗದು. ಚಕ್ರ ಒಂದೆರಡು ಸುತ್ತು ಸುತ್ತಿ ನೀರು ಒರೆಸಿಕೊಂಡ ಮೇಲೆ ಹಿಡಿತ. ಅಷ್ಟರಲ್ಲಿ ತಿರುವು ಬಂದಿರುತ್ತದೆ. ಗಂಟೆಗೆ 35, 38, ಬ್ರೇಕು ಒತ್ತಿಯೇ ಇದೆ, 40!

ಟಪ್!

ಅಡಕತ್ತರಿಯಲ್ಲಿ ಅಡಿಕೆ ಸಿಡಿದ ಸದ್ದು. ಮುಂಚಕ್ರ ಒಂದು ಕ್ಷಣ ಅರಚಿತು, ಹ್ಯಾಂಡಲು ನಡುಗಿತು, ಹೊಟ್ಟೆಯೊಳಗಿನದೆಲ್ಲ ಗಂಟಲಿಗೆ ಬಂತು. ಆಮೇಲೆ ಚಕ್ರ ಎಂದಿನಂತೆ ಓಡಿತು. ಮಡ್‌ಗಾರ್ಡಿನ ಕೆಳತುದಿ ಮಾತ್ರ ಸಡಿಲಾಗಿ ಪಟಪಟ ಬಡಿಯುತ್ತಿತ್ತು. ಇಳಿಜಾರು ಮುಗಿಯುವ ಕಡೆ, ಮೈಲಿಗಲ್ಲಿನ ಪಕ್ಕ ಹೇಗೋ ನಿಂತೆ. ಕಾಲು ನೆಲಕ್ಕಿಟ್ಟರೆ ನಿಲ್ಲುತ್ತಿಲ್ಲ.

ನಡೆದದ್ದು ಇಷ್ಟು. ಟೈರು ಒಂದು ಸಿಲ್ವರ್ ಓಕ್ ಕಡ್ಡಿಯನ್ನು ಎತ್ತಿ ಮಡ್‌ಗಾರ್ಡಿನೊಳಕ್ಕೆ ಎಳೆದುಕೊಂಡಿದೆ. ಕಡ್ಡಿ ಸಿಕ್ಕಿಕೊಂಡು ಚಕ್ರದ ಜೊತೆ ಮಡ್‌ಗಾರ್ಡನ್ನೂ ಮುಂದಕ್ಕೆ ತಳ್ಳಿದೆ. ಕಂಬಿ ಗಟ್ಟಿಯಾಗಿ ಹಿಡಿದಿದ್ದರೆ ಮಡ್‌ಗಾರ್ಡು ಮಡಚಿ ಫೋರ್ಕಿನ ಕೆಳಗೆ ಬೆಣೆಯಾಗುತ್ತದೆ, ಚಕ್ರ ನಿಂತಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಹ್ಯಾಂಡಲಿನ ಮೇಲಿಂದ ತಲೆ ಮೊದಲಾಗಿ ಡಾಂಬರಿಗೆ. ಮೋರಿಯ ಅಂಚಿನಿಂದ ಹೆಕ್ಕಿ ತಂದ ಆ ಉಗುರಿನಷ್ಟು ಕ್ಲಿಪ್ಪು ಕಳಚಿಕೊಂಡಿತ್ತು. ಕಂಬಿ ಬಿಟ್ಟಿತು, ಮಡ್‌ಗಾರ್ಡು ಜಗ್ಗಿ ದಾರಿ ಕೊಟ್ಟಿತು, ಕಡ್ಡಿ ಪುಡಿಯಾಗಿ ಹೊರಬಿತ್ತು. ಕ್ಲಿಪ್ಪನ್ನು ಹೆಬ್ಬೆರಳಲ್ಲಿ ಒತ್ತಿದೆ, ಟಕ್ ಎಂದು ತನ್ನ ಜಾಗಕ್ಕೆ ಕೂತಿತು. ಬೆರಳ ಸಂದಿಯಲ್ಲಿ ಆಗಲೇ ಎರಡು ಇಂಬಳ.

ಹಿಂದಕ್ಕೆ ತಿರುಗಿದೆ. ಗೆಳೆಯ ಇಲ್ಲ.

ಕೂಗಿದೆ. ಮಳೆಯ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಸೈಕಲ್ಲು ತಿರುಗಿಸಿ ಏರು ಹತ್ತಿದೆ. ಎರಡನೇ ತಿರುವಿನಲ್ಲಿ ಅವನು, ಸೈಕಲ್ಲು ತಳ್ಳಿಕೊಂಡು ನಡೆದು ಬರುತ್ತಿದ್ದ. ಬ್ರೇಕಿನ ರಬ್ಬರು ಪೂರ್ತಿ ಸವೆದು ಲೋಹ ರಿಮ್ಮನ್ನು ಕೆರೆಯುತ್ತಿತ್ತು. ಇದರಲ್ಲಿ ಮಡ್‌ಗಾರ್ಡಿನ ಪಾಲೇನೂ ಇಲ್ಲ, ರಿಮ್ಮಿನ ಮೇಲಿನ ಮರಳು ಇಬ್ಬರಿಗೂ ಒಂದೇ. ಅವನು ಹಳೇ ರಬ್ಬರಿನಲ್ಲಿ ಹೊರಟಿದ್ದ. ಆದರೆ ನನ್ನನ್ನು ಹೆದರಿಸಿದ್ದು ಬ್ರೇಕಲ್ಲ. "ಏನಾಯ್ತೋ?" ಎಂದರೆ ಅವನ ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ನಾಲಿಗೆ ಹೊರಳುತ್ತಿಲ್ಲ. ಹೆಲ್ಮೆಟ್ಟಿನ ಬಕ್ಕಲು ಬಿಚ್ಚಲು ಹೋದ ಬೆರಳುಗಳು ಗಲ್ಲದ ಕೆಳಗೆ ತಡಕಾಡುತ್ತಿವೆ. ತುಟಿ ನೀಲಿ.

ಹಿಮ ಬೀಳುವ ಕಡೆ ಮಾತ್ರ ಮೈ ತಣ್ಣಗಾಗಿ ಸಾಯುತ್ತಾರೆ ಎಂಬುದು ಬಯಲು ಸೀಮೆಯವರ ನಂಬಿಕೆ. ಹದಿನೆಂಟು ಡಿಗ್ರಿಯ ಮಳೆ, ಒದ್ದೆ ಬಟ್ಟೆ, ಇಳಿಜಾರಿನ ಗಾಳಿ, ದಣಿದ ದೇಹ ಸೇರಿದರೂ ಸಾಕು. ಮೊದಲು ನಡುಕ. ಮೈಯ ಒಳಗಿನ ಬಿಸಿ 35 ಡಿಗ್ರಿಗಿಂತ ಕೆಳಗಿಳಿಯಿತೋ, ತೊದಲು, ಆಮೇಲೆ ಎಡವು. ನಡುಕ ತಾನಾಗಿ ನಿಂತರೆ ಅದು ಒಳ್ಳೆಯ ಸುದ್ದಿಯಲ್ಲ. ಹದಿನಾರು ಗಂಟೆ ಹಿಂಚಕ್ರ ಅವನ ಬೆನ್ನುಹುರಿಗೆ ನೀರು ಹೊಡೆದಿತ್ತು. ರೈನ್‌ಕೋಟು ಮೇಲಿನಿಂದ ಬರುವುದನ್ನು ತಡೆಯುತ್ತದೆ. ಕೆಳಗಿನಿಂದ, ಸೊಂಟದ ಸಂದಿಯಲ್ಲಿ ನುಗ್ಗುವುದನ್ನು ಯಾರು ತಡೆಯಬೇಕು? ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಎಂಬ 1,200 ಕಿ.ಮೀ. ಸವಾರಿ 1891ರಿಂದ ನಡೆಯುತ್ತ ಬಂದಿದೆ. 2007ರಲ್ಲಿ ಅದರ ದಾರಿಯುದ್ದಕ್ಕೂ ಮಳೆ ಸುರಿದು ನೂರಾರು ಮಂದಿ ಅರ್ಧಕ್ಕೇ ಕೈಚೆಲ್ಲಿದರು. ಕಾಲಿನಲ್ಲಿ ಕಸುವಿಲ್ಲದವರು ಅಂಥ ಸವಾರಿಗೆ ಬಂದಿರುವುದೇ ಇಲ್ಲ. ಅವರನ್ನು ಕೆಡವಿದ್ದು ಮಳೆ, ಚಳಿ.

ರಸ್ತೆ ಪಕ್ಕ ಒಂದು ಬಸ್ ಸ್ಟಾಪು, ಮೂರು ಗೋಡೆ, ಅರ್ಧ ಹೆಂಚು. ಅವನನ್ನು ಒಳಗೆ ತಳ್ಳಿದೆ. ಚೀಲದ ಬಾಯಿ ಬಿಚ್ಚಿದೆ. ಗ್ರಾಂ ಲೆಕ್ಕದವನು ನಕ್ಕಿದ್ದ ಆ ಎಂಟು ಕೆ.ಜಿ.ಯಲ್ಲಿ ಏನೇನಿತ್ತು ಎನ್ನುವುದನ್ನು ಈಗ ನೋಡಿ: ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಉಣ್ಣೆ ಸ್ವೆಟರು, ಒಣ ಪಂಚೆ, ಮಂಕಿ ಕ್ಯಾಪು, ಫ್ಲಾಸ್ಕು, ಬೆಲ್ಲ, ಹೊಸ ಬ್ರೇಕ್ ರಬ್ಬರು, ಕಡೆಗೆ ಹಿಂದಿನ ದಿನದ ಪೇಪರು. ಒದ್ದೆ ಜರ್ಸಿ ಕಿತ್ತೆಸೆದು, ಪಂಚೆಯಲ್ಲಿ ಮೈ ಉಜ್ಜಿ, ಸ್ವೆಟರು ತೊಡಿಸಿ, ಎದೆಗೆ ಪೇಪರು ಮಡಚಿ ತುರುಕಿ, ಮೇಲೆ ರೈನ್‌ಕೋಟು ಹಾಕಿದೆ. ಫ್ರಾನ್ಸಿನ ಪರ್ವತಗಳನ್ನು ಇಳಿಯುವ ರೇಸಿನವರು ಎದೆಗೆ ಪೇಪರು ಇಟ್ಟುಕೊಳ್ಳುವುದು ಹಳೇ ಪಾಠ, ಗಾಳಿ ತಡೆಯಲು ಅದಕ್ಕಿಂತ ಅಗ್ಗದ್ದಿಲ್ಲ. ಫ್ಲಾಸ್ಕಿನಲ್ಲಿ ಹಾಸನದ ಕಾಫಿ ಇನ್ನೂ ಉಗುರು ಬೆಚ್ಚಗಿತ್ತು, ಅದಕ್ಕೆ ಬೆಲ್ಲ ಹಾಕಿ ಕುಡಿಸಿದೆ. ತೋಟದ ಲೈನ್ ಮನೆಯಿಂದ ಒಬ್ಬ ಹುಡುಗ ಕೊಡೆ ಹಿಡಿದು ಬಂದು ನೋಡಿದ, ಏನೂ ಕೇಳದೆ ಓಡಿದ, ಒಂದು ಚೊಂಬು ಕುದಿಯುವ ಶುಂಠಿ ಕಷಾಯದೊಂದಿಗೆ ತಿರುಗಿ ಬಂದ. ಮಲೆನಾಡಿನಲ್ಲಿ ಇದಕ್ಕೆಲ್ಲ ಹೆಸರು ಕೇಳಿಕೊಂಡು ಕೂರುವುದಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗೆಳೆಯ ಬಾಯಿ ಬಿಟ್ಟ. ಈ ಸಲ ಮಾತು ಸ್ಪಷ್ಟವಾಗಿತ್ತು: "ಪೋಸ್ಟ್‌ಮ್ಯಾನ್, ಟೈಮೆಷ್ಟು?"

ಏಳೂವರೆ. ಕತ್ತಲು. ಅವನ ಬ್ರೇಕಿಗೆ ಹೊಸ ರಬ್ಬರು ಹಾಕಿ, ಅವನನ್ನು ಮುಂದೆ ಬಿಟ್ಟು ಹೊರಟೆವು. ಎರಡೇ ತಿರುವು. ಹಿಂದೆ ಟಣ್ ಎಂದಿತು. ಚೀಲ ಎಡಕ್ಕೆ ವಾಲಿತು, ಸ್ಪೋಕುಗಳ ಮೇಲೆ ಏನೋ ತರತರ ಬಾರಿಸತೊಡಗಿತು. ನಿಲ್ಲಿಸಿ ಟಾರ್ಚು ಬಿಟ್ಟೆ: ಕ್ಯಾರಿಯರ್‌ನ ಎಡಗಾಲು ಅಚ್ಚಿನ ಪಟ್ಟಿಯಿಂದ ಕಳಚಿ ಸ್ಪೋಕಿನ ಹತ್ತಿರ ನೇತಾಡುತ್ತಿದೆ. ಬೋಲ್ಟು ಇಲ್ಲ. ಹಾಸನದಲ್ಲಿ ಬಿಗಿಯಾಗಿದ್ದ ಅದೇ ಬೋಲ್ಟು, ಆಲ್ದೂರು ರಸ್ತೆಯ ಗುಂಡಿಗಳಲ್ಲಿ ಸುತ್ತು ಸುತ್ತಾಗಿ ಬಿಚ್ಚಿಕೊಂಡು ಯಾವುದೋ ಕಾಫಿ ಗಿಡದ ಬುಡ ಸೇರಿತ್ತು. ಎರಡು ಬೆರಳು ಒಳಗೆ ಬಂದಿದ್ದರೆ ಸ್ಪೋಕುಗಳು ಸಾಲಾಗಿ ಮುರಿದು ಸೈಕಲ್ಲು ಅಲ್ಲಿಗೇ ಮುಗಿಯುತ್ತಿತ್ತು. ಉಳಿದ ಬೋಲ್ಟಿನ ಪೊಟ್ಟಣ ಶಂಕರಪುರಂನ ವರಾಂಡದಲ್ಲಿ, ಮುನ್ನೂರು ಕಿ.ಮೀ. ಹಿಂದೆ, ಭದ್ರವಾಗಿತ್ತು.

ಮಳೆ. ಕತ್ತಲು. ಮುಂದೆ ಬಾಳೆಹೊನ್ನೂರು, ಅಲ್ಲಿ ಈ ಹೊತ್ತಿಗೆ ತೆರೆದ ಹಾರ್ಡ್‌ವೇರ್ ಅಂಗಡಿ ಕನಸು. ಗೆಳೆಯ ಕೈಗೆ ಉಸಿರೂದಿಕೊಳ್ಳುತ್ತ ನನ್ನನ್ನೇ ನೋಡುತ್ತಿದ್ದ, ಆಮೇಲೆ ಅವನ ಕಣ್ಣು ತನ್ನ ನೀರಿನ ಬಾಟಲಿಯ ಸ್ಟ್ಯಾಂಡಿನ ಮೇಲೆ ನಿಂತಿತು.

"ಅದನ್ನ ಹಿಡಿದಿರೋ ಬೋಲ್ಟು ಎಂಥದು?"

ಎಂ-5! ಸೈಕಲ್ಲಿನ ಬಾಟಲಿ ಸ್ಟ್ಯಾಂಡನ್ನು ಹಿಡಿಯುವುದೂ ಅದೇ ಎಂ-5, ಅದೇ 0.8 ಎಂಎಂ ಥ್ರೆಡ್ಡು, ಅದೇ ನಾಲ್ಕು ಎಂಎಂ ಅಲೆನ್ ಕೀ. ಅವನೇ ಕೂತು ಬಿಚ್ಚಿದ. ಉದ್ದ ಸ್ವಲ್ಪ ಕಮ್ಮಿ, ಆದರೂ ಪಟ್ಟಿಯನ್ನು ಕಚ್ಚಿತು. ಬಾಟಲಿಯನ್ನು ಜೇಬಿಗೆ ಹಾಕಿಕೊಂಡ. ಮೇಲಿಂದ ನಾಲ್ಕು ಕೇಬಲ್ ಟೈ ಬಿಗಿದೆವು.

ಬಾಳೆಹೊನ್ನೂರಿನ ಸೇತುವೆಯ ಕೆಳಗೆ ಭದ್ರೆ ಕಾಣಲಿಲ್ಲ, ಕೇಳಿದಳು. ಜಯಪುರ ದಾಟುವಾಗ ನಾಯಿಗಳು ಕೂಡ ಎದ್ದು ಬರಲಿಲ್ಲ. ಹೆಚ್ಚು ಮಾತಾಡಲಿಲ್ಲ, ಏರಿನಲ್ಲಿ ನಡೆದೆವು, ಇಳಿಜಾರಿನಲ್ಲಿ ತೆವಳಿದೆವು, ನಿಂತಲ್ಲೆಲ್ಲ ಆ ಬೋಲ್ಟು ಮುಟ್ಟಿ ನೋಡಿದೆವು. ಶೃಂಗೇರಿ ಪೇಟೆಗೆ ಬಂದಾಗ ಮಧ್ಯರಾತ್ರಿ ಕಳೆದಿತ್ತು. ಇಪ್ಪತ್ತು ಗಂಟೆಯ ಗಡುವು ಯಾವಾಗಲೋ ಮೀರಿಯಾಗಿತ್ತು. ಶಾರದೆಯ ಬಾಗಿಲು ಮುಚ್ಚಿತ್ತು. ತುಂಗೆ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಮೇಲಕ್ಕೆ ಬರುತ್ತಿದ್ದಳು.

ಮರುದಿನ ಹತ್ತು ಕಿ.ಮೀ. ಆಚೆಯ ಕಿಗ್ಗಕ್ಕೆ ಹೋದೆವು. ಅಲ್ಲಿನ ಋಷ್ಯಶೃಂಗನಿಗೆ ಬರಗಾಲದಲ್ಲಿ ಮಳೆ ಬರಲೆಂದೂ ಅತಿಯಾದಾಗ ನಿಲ್ಲಲೆಂದೂ ಪೂಜೆ ಸಲ್ಲಿಸುತ್ತಾರೆ. ಗೆಳೆಯ ಎರಡನೆಯದಕ್ಕೆ ಚೀಟಿ ಮಾಡಿಸೋಣ ಎಂದ. ಮಾಡಿಸಲಿಲ್ಲ, ತೋಟದವರ ಹೊಟ್ಟೆ ಮೇಲೆ ಹೊಡೆಯುವುದು ಬೇಡವೆಂದು. ಬಸ್ಸಿನ ಟಾಪಿಗೆ ಸೈಕಲ್ಲು ಹಾಕಿಸಿ ಊರಿಗೆ ಬಂದೆವು. ಬಂದ ವಾರವೇ ಅವನು ಜೆಸಿ ರಸ್ತೆಯಲ್ಲಿ ಪಿ ಕ್ಲಾಂಪು ಹುಡುಕುತ್ತಿದ್ದ.

ರೋಡ್ ಬೈಕಿಗೆ ಇವನ್ನೆಲ್ಲ ಹಾಕಿದರೆ ಅಂದ ಕೆಡುತ್ತದೆ ಎನ್ನುವವರ ಜೊತೆ ನನಗೆ ಜಗಳವಿಲ್ಲ, ಕೆಡುತ್ತದೆ. ಆದರೆ ಹಾಕಿಸುವವರು ದಯವಿಟ್ಟು ಅರ್ಧಂಬರ್ಧ ಹಾಕಿಸಬೇಡಿ. ಕ್ಯಾರಿಯರ್‌ನ ಕೆಳಬೋಲ್ಟು ಪಟ್ಟಿಯ ಆಚೆ ತುಸು ಉದ್ದ ಹೊರಬರಲಿ, ಅದರ ಬೆನ್ನಿಗೊಂದು ನೈಲಾಕ್ ನಟ್ಟು ಕೂರಲಿ, ಒಂದೆರಡು ಬೋಲ್ಟು ಚೀಲದಲ್ಲೂ ಇರಲಿ. ಇನ್ನು ಮುಂದಿನ ಮಡ್‌ಗಾರ್ಡು: ಎಳೆದರೆ ಕಳಚುವ ಕ್ಲಿಪ್ಪಿಲ್ಲದ್ದನ್ನು ಅಂಗಡಿಯವರು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಹಿಂಚಕ್ರ ಸಿಕ್ಕಿಕೊಂಡರೆ ಜಾರುತ್ತೀರಿ. ಮುಂಚಕ್ರ ಸಿಕ್ಕಿಕೊಂಡರೆ ಹಾರುತ್ತೀರಿ.